ಕೊಡದ ತಳದ ಕರಿಮಣಿ

ಕೊಡ ಇಳಿಸಿದ ಮೇಲೆ ನೀರು ಅಲುಗಾಡುವುದು ನಿಲ್ಲುವ ತನಕ ಕಾದು, ಬಗ್ಗಿ ತಳ ನೋಡುವುದು ನನ್ನ ಚಟ. ಬಾವಿಯ ನೀರಾಗಲಿ, ನಲ್ಲಿಯ ನೀರಾಗಲಿ, ನೆಂಟರ ಮನೆಯಲ್ಲಿ ಕೊಟ್ಟ ಚೊಂಬಿನ ನೀರಾಗಲಿ, ತಳ ನೋಡದೆ ನಾನು ಒಂದು ಗುಟುಕೂ ಕುಡಿದವಳಲ್ಲ. "ತಳದಲ್ಲಿ ನಿಧಿ ಹುಡುಕ್ತೀಯೇನೇ?" ಎಂದು ಓರಗಿತ್ತಿಯರು ಹಂಗಿಸುವುದುಂಟು. ನಿಧಿ ಸಿಕ್ಕರೆ ಯಾರಿಗೆ ಬೇಡ? ನಾನು ನೋಡುವುದು ಅಲ್ಲಿ ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ. ಈ ಚಟ ಹತ್ತಿಸಿದವಳು ಮಾಳಜ್ಜಿ.

ಮದುವೆಯಾದ ಹೊಸದರಲ್ಲಿ ನಾವು ಇದ್ದ ಊರು ಅದು. ಹೆಸರು ಹೇಳಿ ಪ್ರಯೋಜನವಿಲ್ಲ, ಹುಡುಕಿಕೊಂಡು ಹೋದವರಿಗೆ ಅದು ಸಿಗುವುದಿಲ್ಲ. ಎರಡು ಬೋಳುಗುಡ್ಡಗಳ ನಡುವಿನ ಕಣಿವೆಯಲ್ಲಿ ಒಂದು ಕೇರಿ. ಕೇರಿಯ ನಡುವೆ ಮೆಟ್ಟಿಲಿಳಿದು ನೀರು ತುಂಬಿಕೊಳ್ಳುವ ಒಂದು ಬಾವಿ. ಗುಡ್ಡದ ನೆತ್ತಿಯಲ್ಲಿ ಗಣಿಯ ಬಾಯಿ, ಅದರ ಪಕ್ಕಕ್ಕೆ ಗಿರಣಿ. ಗಣಿಯಿಂದ ತೆಗೆಯುತ್ತಿದ್ದದ್ದು ಪೆನ್ಸಿಲ್ ಕಡ್ಡಿಗೆ ಹಾಕುವ ಕಪ್ಪು ಖನಿಜ. ಪುಸ್ತಕದವರು ಗ್ರಾಫೈಟ್ ಎನ್ನುತ್ತಾರೆ, ಕೇರಿಯವರು ಕಾಡಿಗೆಗಲ್ಲು ಎನ್ನುತ್ತಿದ್ದರು. ಮುಟ್ಟಿದರೆ ಕೈಯೆಲ್ಲ ಮಿರಿಮಿರಿ ಕಪ್ಪು, ಎಷ್ಟು ತೊಳೆದರೂ ಹೋಗದು.

ಇವರು ಗಿರಣಿಯ ಕಡೆಮನೆಯ ಮೇಸ್ತ್ರಿ. ಇವರು ಎಂದರೆ ನನ್ನ ಯಜಮಾನರು. ಹೆಸರು ಹೇಳುವ ಅಭ್ಯಾಸ ಆಗಲೂ ಇರಲಿಲ್ಲ, ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯುವ ಆಸೆಯೂ ಇಲ್ಲ. ಕಲ್ಲನ್ನು ಹಿಟ್ಟಿನ ಹಾಗೆ ಅರೆದು, ದೊಡ್ಡ ತೊಟ್ಟಿಯ ನೀರಿಗೆ ಬೆರೆಸಿ, ಒಂದಿಷ್ಟು ಸೀಮೆಎಣ್ಣೆ ಸುರಿದು, ಮರದ ರೆಕ್ಕೆಗಳಿಂದ ಕಡೆಯುವ ಜಾಗವೇ ಕಡೆಮನೆ. ಅಲ್ಲಿ ನಡೆಯುವುದೇನು ಎಂದು ಒಮ್ಮೆ ಕೇಳಿದ್ದೆ. ಆಗ ನಾನು ಮೊಸರು ಕಡೆಯುತ್ತಿದ್ದೆ. ಇವರು ಕಂಬಕ್ಕೆ ಒರಗಿ ಕೂತಿದ್ದರು.

"ನೀನು ಮಾಡೋದನ್ನೇ ನಾವೂ ಮಾಡೋದು ಕಣೇ. ನಮಗೆ ಸಂಬಳ ಕೊಡ್ತಾರೆ, ಅಷ್ಟೇ ವ್ಯತ್ಯಾಸ" ಎಂದರು. "ಕಾಡಿಗೆಪುಡಿಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಎಷ್ಟು ಅದ್ದಿದರೂ ನೆನೆಯೋದಿಲ್ಲ. ಬೇರೆ ಕಲ್ಲಿನ ಪುಡಿ ಒದ್ದೆಯಾಗಿ ಕೆಸರಾಗ್ತದೆ. ಇದು ಒಂಟಿಯಾಗಿ ಅಲೀತಿರ್ತದೆ. ಜರಡಿ ಹಿಡಿದರೂ ಸಿಗದಷ್ಟು ಸಣ್ಣ."

"ಮತ್ತೆ ಹಿಡಿಯೋದು ಹೇಗೆ?"

"ಜೋರಾಗಿ ಕಡೀಬೇಕು. ಆಗ ಒಂದಕ್ಕೊಂದು ಢಿಕ್ಕಿ ಹೊಡೀತವೆ. ಎರಡಕ್ಕೂ ನೀರು ಕಂಡರಾಗದು, ಮೈಮೇಲೆ ಎಣ್ಣೆ ಬೇರೆ. ಮಧ್ಯದ ನೀರನ್ನ ಆಚೆ ತಳ್ಳಿ ಗಪ್ಪನೆ ಅಂಟಿಕೊಂಡುಬಿಡ್ತವೆ. ಆಮೇಲೆ ಮೂರನೇದು, ನಾಲ್ಕನೇದು. ನೋಡ್ತಾ ನೋಡ್ತಾ ತೊಟ್ಟಿ ತುಂಬ ಕರಿ ಮಣಿ. ಹೆಂಗಸರು ಜರಡಿ ಹಿಡಿದು ಎತ್ತುತ್ತಾರೆ."

"ಕಡೆಯದೆ ಹಾಗೇ ಬಿಟ್ಟರೆ?"

"ಹಾಗೇ ಬಿಟ್ಟರೆ ಮೊಸರಲ್ಲಿ ಬೆಣ್ಣೆ ಬರ್ತದಾ? ವರ್ಷ ಬಿಟ್ಟರೂ ಪುಡಿ ಪುಡಿಯಾಗೇ ಇರ್ತದೆ. ಕಡೆಯದೆ ಮಣಿ ಕಟ್ಟೋದಿಲ್ಲ."

ನಾನು ನಕ್ಕು ಬೆಣ್ಣೆ ತೆಗೆದೆ. ಆ ಮಾತನ್ನು ನೆನಪಿಟ್ಟುಕೊಳ್ಳಬೇಕೆಂದು ನನಗೆ ತೋರಲಿಲ್ಲ.

ಮಣಿ ಎತ್ತಿದ ಮೇಲೆ ಉಳಿಯುವ ಬಿಳಿ ಕೆಸರುನೀರನ್ನು ಕಣಿವೆಯ ಮೇಲ್ತುದಿಯ ಕೆರೆಗೆ ಬಿಡುತ್ತಿದ್ದರು. ಗಿರಣಿಯವರೇ ಮಣ್ಣಿನ ಏರಿ ಹಾಕಿ ಕಟ್ಟಿಸಿದ ಕೆರೆ. ಕೆಸರು ತುಂಬಿದಂತೆಲ್ಲ ಏರಿಯನ್ನು ಎತ್ತರಿಸುತ್ತ ಬಂದಿದ್ದರು. ನಮ್ಮ ಹಿತ್ತಲಲ್ಲಿ ನಿಂತು ತಲೆ ಎತ್ತಿದರೆ ಆ ಏರಿ ಕಾಣುತ್ತಿತ್ತು. ಬೆಳಗಿನ ಬಿಸಿಲು ಕೇರಿಗೆ ತಲುಪುವುದು ಅದರಿಂದಾಗಿ ತಡವಾಗುತ್ತಿತ್ತು. ಬಟ್ಟೆ ಒಣಗುವುದಿಲ್ಲ ಎಂದು ನಾವೆಲ್ಲ ಗೊಣಗುತ್ತಿದ್ದೆವೇ ಹೊರತು, ಹೆದರಿಕೊಂಡವರು ಯಾರೂ ಇರಲಿಲ್ಲ.

ಆ ಕೇರಿಯಲ್ಲಿ ಕರಿಮಣಿ ಎಂದರೆ ಬರಿಯ ಒಡವೆಯಾಗಿರಲಿಲ್ಲ. ಹೊಸ ಸೊಸೆ ಬಂದ ದಿನ ತಾಳಿಸರದಿಂದ ಒಂದು ಕರಿಮಣಿ ಬಿಚ್ಚಿ ಬಾವಿಗೆ ಹಾಕಬೇಕು. ಅದಕ್ಕೆ ಮಣಿ ಒಪ್ಪಿಸುವುದು ಎಂದು ಹೆಸರು. ನನ್ನನ್ನು ಕೈಹಿಡಿದು ಮೆಟ್ಟಿಲಿಳಿಸಿದವಳು ಪಕ್ಕದ ಮನೆಯ ಮಾಳಜ್ಜಿ. ಕೇರಿಯ ವಿಧವೆಯರಲ್ಲಿ ಎಲ್ಲರಿಗಿಂತ ಹಿರಿಯಳು, ಬಾಯಲ್ಲಿ ಹಲ್ಲಿಲ್ಲದಿದ್ದರೂ ಮಾತಿಗೆ ಹಲ್ಲಿತ್ತು.

"ಹಾಕು ಮಗಳೇ. ಗಂಡಸ್ರು ನೆಲದೊಳಕ್ಕೆ ಇಳೀತಾರೆ. ಅವರ ಉಸಿರನ್ನ ಬಾವಿಯಮ್ಮನ ಕೈಲಿ ಕೊಟ್ಟಿಟ್ಟ ಹಾಗೆ. ಆಕೆ ಹಿಡ್ಕೊಂಡಿರೋ ತನಕ ಭಯ ಇಲ್ಲ" ಎಂದಳು.

"ಇವರು ನೆಲದೊಳಕ್ಕೆ ಇಳಿಯೋದಿಲ್ಲವಲ್ಲ ಅಜ್ಜಿ. ತೊಟ್ಟಿ ಹತ್ತಿರ ಇರೋದು."

"ತೊಟ್ಟೀಲಿ ಮುಳುಗೋಕಾಗಲ್ವಾ? ತಲೆಹರಟೆ ಮಾಡದೆ ಹಾಕು."

ಹಾಕಿದೆ. ಮಣಿ ಬಿದ್ದ ಸದ್ದೂ ಕೇಳಲಿಲ್ಲ. ಮೆಟ್ಟಿಲ ಮೇಲೆ ಕೂತು ಅಜ್ಜಿ ಆ ಪದ್ಧತಿಯ ಇನ್ನರ್ಧವನ್ನು ಹೇಳಿದಳು. ಗಣಿಯಲ್ಲಿ ಗಂಡ ಸತ್ತರೆ ಹೆಂಡತಿ ಉಳಿದ ಮಣಿಗಳನ್ನೆಲ್ಲ ತಂದು ಬಾವಿಗೆ ಸುರಿಯಬೇಕು.

"ಸುರಿದದ್ದು ಕಂಡ ಕೂಡ್ಲೇ ಕೇರಿ ಖಾಲಿ ಆಗ್ಬೇಕು. ಒಲೆ ಆರಿಸ್ಬೇಕು. ಕೂಸು, ಮುದುಕರು, ಹಾಸಿಗೆ ಹಿಡಿದೋರು, ಎಲ್ಲರನ್ನೂ ಹೊತ್ಕೊಂಡು ಗಣಿಬಾಯಿಗೆ ನಡೀಬೇಕು. ಹಿಂದಕ್ಕೆ ತಿರುಗಿ ನೋಡಬಾರ್ದು. ಅಮ್ಮ ಬಾವಿ ಬಿಟ್ಟು ಮೇಲೆ ಬಂದು ಮನೆಮನೆ ಹೊಕ್ಕು ನೋಡ್ತಾಳೆ. ಒಳಗೆ ಯಾರಾದ್ರೂ ಸಿಕ್ಕಿದ್ರೆ ಅವರನ್ನೂ ಕರ್ಕೊಂಡು ಹೋಗ್ತಾಳೆ."

"ಒಬ್ಬರೂ ಉಳಿಯೋ ಹಾಗಿಲ್ವಾ?"

"ಸುರಿದ ಮಣಿ ಕಾಯೋಕೆ ಒಬ್ಬಳು ಇರ್ತಾಳೆ. ಹಿರೀ ವಿಧವೆ. ಹೆಣ ಕೆಳಕ್ಕೆ ಬರೋ ತನಕ ಈ ಮೆಟ್ಟಿಲಿಂದ ಏಳೋ ಹಾಗಿಲ್ಲ. ಎಷ್ಟೋ ಸಲ ಕೂತಿದ್ದೀನಿ. ನನ್ನ ಮುಖ ಅಮ್ಮನಿಗೆ ಹಳೇದು, ಬೇಜಾರಾಗಿ ಬಿಟ್ಟುಬಿಡ್ತಾಳೆ" ಎಂದು ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ನನಗೂ ನಗು ಬಂತು. ಇಂಥ ಕತೆಗಳನ್ನು ನಂಬುವವಳು ನಾನಲ್ಲ ಎಂದು ಆಗ ನನಗೆ ಧೈರ್ಯವಿತ್ತು.

ಆ ವರ್ಷ ಬೇಸಿಗೆಯಲ್ಲಿ ಬಾವಿಯ ನೀರು ಏರಿತು. ಬೇರೆ ವರ್ಷ ಆ ಹೊತ್ತಿಗೆ ಕೊನೆಯ ಮೆಟ್ಟಿಲಿಗೆ ಇಳಿದು, ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿಸಬೇಕಿತ್ತಂತೆ. ಈ ಸಲ ಅರ್ಧಕ್ಕೆ ನಿಂತು ಮುಳುಗಿಸಿದರೆ ಸಾಕು. ಕೇರಿಗೆ ಕೇರಿಯೇ ಹಿಗ್ಗಿತು. ಬಿಟ್ಟಿ ಬಂದ ನೀರಿಗೆ ಕಾರಣ ಕೇಳುವವರು ಯಾರು? ರುದ್ರಕ್ಕನಂತೂ ಬಾವಿಕಟ್ಟೆಗೆ ದಿನಾ ಅರಿಸಿನ ಬಳಿದದ್ದೇ ಬಳಿದದ್ದು. ಬಾವಿಯಮ್ಮನ ಪೂಜೆ ನಡೆಸುವ ಮನೆಯ ಸೊಸೆ ಅವಳು, ಬಾಯಿ ಜೋರು, ಕರುಳು ಮೆತ್ತಗೆ. ಕೇರಿಯ ಹೆಂಗಸರು ಗಂಡಂದಿರ ಮಾತನ್ನಾದರೂ ಮೀರುತ್ತಿದ್ದರು, ರುದ್ರಕ್ಕನ ಮಾತನ್ನು ಮೀರುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೀರು ತಂದು ಇಳಿಸಿ ನೋಡುತ್ತೇನೆ, ಕೊಡದ ತಳದಲ್ಲಿ ರಾಗಿಕಾಳಿನಷ್ಟು ಒಂದು ಕರಿಮಣಿ. ತಟ್ಟನೆ ಕತ್ತು ತಡವಿಕೊಂಡೆ. ಸರ ಸರಿಯಾಗಿಯೇ ಇತ್ತು. ಹೊರಗೆ ಬಂದರೆ ಅಲ್ಲಿ ರುದ್ರಕ್ಕನ ಸುತ್ತ ಹೆಂಗಸರ ಗುಂಪು. ಅವರ ಕೊಡಗಳಲ್ಲೂ ಮಣಿ ಬಂದಿತ್ತು.

"ಅಮ್ಮ ಕೊಟ್ಟಿದ್ದು ಕಣ್ರೇ! ಇಷ್ಟು ವರ್ಷ ನಾವು ಕೊಟ್ಟೆವು, ಈಗ ಆಕೆ ಕೊಡ್ತಿದ್ದಾಳೆ. ನಿಮ್ಮ ಮುತ್ತೈದೆತನ ಗಟ್ಟಿ ಅಂತ ಅರ್ಥ" ಎಂದು ರುದ್ರಕ್ಕ ಕಣ್ಣು ತುಂಬಿಕೊಂಡು ಹೇಳುತ್ತಿದ್ದಳು. ಎಲ್ಲರೂ ತಮ್ಮ ತಮ್ಮ ಮಣಿಯನ್ನು ಕುಂಕುಮದ ಭರಣಿಯಲ್ಲಿಟ್ಟು ಕೈಮುಗಿದರು.

ಮಾಳಜ್ಜಿ ಮಾತ್ರ ಜಗಲಿಯಿಂದ ಏಳಲಿಲ್ಲ. ನನ್ನ ಅಂಗೈಯಲ್ಲಿದ್ದ ಮಣಿಯನ್ನು ನೋಡಿ ಮುಖ ತಿರುಗಿಸಿದಳು.

"ಕೊಟ್ಟಿಟ್ಟಿದ್ದನ್ನ ಯಾರು ವಾಪಸ್ ಕೊಡ್ತಾರೆ ಮಗಳೇ? ಕಾಯೋಕೆ ಆಗದೋರು ಕೊಡ್ತಾರೆ. 'ತಗೊಳ್ಳವ್ವ ನಿನ್ನ ಸಾಮಾನು, ಇನ್ನು ನನ್ನ ಕೈಲಾಗದು' ಅಂತ. ಇದು ವರ ಅಲ್ಲ. ಅಮ್ಮ ಗಂಟುಮೂಟೆ ಕಟ್ತಿದ್ದಾಳೆ."

"ಸುಮ್ನಿರಿ ಅಜ್ಜಿ, ಹೆದರಿಸಬೇಡಿ."

"ಹೆದರಿದ್ರೆ ಒಳ್ಳೇದೇ. ಇನ್ನು ಮೇಲೆ ಕೊಡ ಇಳಿಸಿದ ಮೇಲೆ ತಳ ನೋಡು. ದಿನಾ ನೋಡು. ಬರೋದು ನಿಂತ್ರೂ ಹೇಳು, ಹೆಚ್ಚಿದ್ರೂ ಹೇಳು."

ಮನೆಗೆ ಬಂದು ಆ ಮಣಿಯನ್ನು ಎರಡು ಬೆರಳ ನಡುವೆ ಒತ್ತಿದೆ. ಗಾಜಿನ ಮಣಿಯಾಗಿದ್ದರೆ ಬೆರಳಿಗೆ ಚುಚ್ಚಬೇಕಿತ್ತು. ಇದು ಬೆಣ್ಣೆಯ ಹಾಗೆ ನುಣ್ಣಗೆ ಒಡೆದು ಬೆರಳೆಲ್ಲ ಮಿರಿಮಿರಿ ಕಪ್ಪಾಯಿತು. ಮೂಗಿನ ಹತ್ತಿರ ತಂದರೆ ಸೀಮೆಎಣ್ಣೆಯ ವಾಸನೆ. ಇವರ ಅಂಗಿ ಒಗೆಯುವಾಗ ದಿನಾ ಬರುವ ವಾಸನೆಯೇ.

ಸಂಜೆ ಇವರಿಗೆ ತೋರಿಸಿದೆ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಜರಡಿ ಹಿಡಿಯೋ ಹೆಂಗಸರು ಬಾವಿ ಹತ್ತಿರ ಸೀರೆ ಒಗೀತಾರಲ್ಲ, ನೆರಿಗೇಲಿ ಸಿಕ್ಕಿಕೊಂಡಿದ್ದ ಮಣಿ ಕಣೇ ಇವು. ನಮ್ಮ ತೊಟ್ಟಿಯದನ್ನ ತಗೊಂಡು ಹೋಗಿ ದೇವರ ಮುಂದೆ ಇಟ್ಟಿದ್ದೀರಾ? ನಮ್ಮ ಸಾಹೇಬರಿಗೆ ತಿಳಿದರೆ ಪೂಜೆಗೂ ಲೆಕ್ಕ ಕೇಳ್ತಾರೆ" ಎಂದರು. ಸರಿಯಾದ ಮಾತೇ ಅನಿಸಿತು. ಮನಸ್ಸು ಹಗುರವಾಯಿತು.

ಮಾರನೆಯ ದಿನ ರುದ್ರಕ್ಕನಿಗೆ ಮೆಲ್ಲಗೆ ಹೇಳಲು ಹೋದೆ. "ಹೋಗೇ ಹೋಗೇ, ದೇವರು ಕೊಟ್ಟಿದ್ದಕ್ಕೆ ಮೂಗಿಟ್ಟು ವಾಸನೆ ನೋಡೋಳು ನೀನೊಬ್ಬಳೇ" ಎಂದು ನನ್ನ ಬಾಯಿ ಮುಚ್ಚಿಸಿದಳು. ಅಷ್ಟೇ ಅಲ್ಲ, ಬರುವ ಶುಕ್ರವಾರ ಕೇರಿಯವರೆಲ್ಲ ಸೇರಿ ಬಾವಿಗೆ ಮಡಿಲು ತುಂಬುವ ಪೂಜೆ ಮಾಡುವುದೆಂದು ಗೊತ್ತುಮಾಡಿದಳು. ಅಂದಿನಿಂದ ಬಾವಿಯ ಹತ್ತಿರ ಸೀರೆ ಒಗೆಯುವುದನ್ನೂ ಮೈಲಿಗೆಯೆಂದು ನಿಲ್ಲಿಸಿಬಿಟ್ಟಳು.

ಸೀರೆ ಒಗೆಯುವುದು ನಿಂತಿತು. ಮಣಿ ಬರುವುದು ನಿಲ್ಲಲಿಲ್ಲ. ದಿನಾ ತಳ ನೋಡುತ್ತಿದ್ದೆ. ರಾಗಿಯಷ್ಟಿದ್ದದ್ದು ಸಾಸಿವೆಯಷ್ಟಾಯಿತು. ಇವರಿಗೆ ಹೇಳೋಣವೆಂದರೆ ಮತ್ತೆ ನಕ್ಕಾರು ಎಂಬ ಸಂಕೋಚ. ಮಾಳಜ್ಜಿಗೆ ಹೇಳಿದೆ. ಅವಳು ನನ್ನ ತಲೆ ನೇವರಿಸಿದಳು. ಅದು ಇನ್ನೂ ಹೆದರಿಕೆ ಹುಟ್ಟಿಸಿತು.

ಶುಕ್ರವಾರ ಬೆಳಿಗ್ಗೆ ಪೂಜೆಗೆ ಬೆಣ್ಣೆ ಬೇಕಾಗಿತ್ತು. ನಾನು ಕಡೆಯಲು ಕೂತಿದ್ದೆ, ಪಕ್ಕದಲ್ಲೇ ಆಗತಾನೆ ತಂದಿಳಿಸಿದ ಕೊಡ. ಇವರು ಎದುರಿಗೆ ರೊಟ್ಟಿ ತಿನ್ನುತ್ತಿದ್ದರು. ಬೆಣ್ಣೆ ಕಟ್ಟುವ ಹೊತ್ತಿಗೆ ಕಡೆಗೋಲಿನ ಸದ್ದು ಬದಲಾಗುತ್ತದೆ, ಕಡೆದವರಿಗೆ ಗೊತ್ತು. ಸದ್ದು ಬದಲಾಯಿತು, ಬಗ್ಗಿ ನೋಡಿದೆ. ಮಜ್ಜಿಗೆಯ ಮೇಲೆ ಸಣ್ಣ ಸಣ್ಣ ಬೆಣ್ಣೆಮಣಿ. ಹಾಗೆಯೇ ಕಣ್ಣು ಪಕ್ಕದ ಕೊಡಕ್ಕೆ ಹೋಯಿತು. ತಳದಲ್ಲಿ ಒಂದು ಹಿಡಿ ಆಗುವಷ್ಟು ಕರಿಮಣಿ ಬಿದ್ದಿತ್ತು. ಒಂದೊಂದೂ ಜೋಳದ ಗಾತ್ರ.

ಕೈ ತಾನಾಗಿ ನಿಂತಿತು.

"ಏನೂಂದ್ರೆ, ಸೀರೆಯಿಂದ ಉದುರಿದ ಮಣಿ ದಿನದಿನಕ್ಕೆ ದಪ್ಪ ಆಗ್ತದಾ?"

"ಎಲ್ಲಾದ್ರೂ ಉಂಟಾ?"

"ಕೆಸರಿನ ಕೆರೆಗೆ ನೀವು ಬಿಡೋ ನೀರಲ್ಲಿ ಮಣಿ ಇರ್ತದಾ?"

"ಮಣಿಯೆಲ್ಲ ಜರಡೀಲಿ ಎತ್ತಿರ್ತೀವಲ್ಲ. ಕೈಗೆ ಸಿಗದ ಪುಡಿ ಒಂದಿಷ್ಟು ಹೋಗ್ತದೆ. ಯಾಕೆ?"

ನಾನು ಕೊಡವನ್ನು ಇವರ ಕಡೆಗೆ ವಾಲಿಸಿದೆ. "ಕಡೆಯದೆ ಮಣಿ ಕಟ್ಟೋದಿಲ್ಲ ಅಂದಿದ್ರಿ. ಹಾಗಾದ್ರೆ ನೆಲದೊಳಗೆ ಕಡೀತಿರೋರು ಯಾರು?"

ಇವರ ಕೈಯಲ್ಲಿದ್ದ ರೊಟ್ಟಿಯ ಚೂರು ತಟ್ಟೆಗೆ ಬಿತ್ತು. ಇವರು ಎದ್ದು ಬಾವಿಗೆ ನಡೆದರು, ನಾನೂ ಹಿಂದೆಯೇ ಹೋದೆ. ಇವರು ನೀರಿಗಿಳಿದು ಏರಿಯ ದಿಕ್ಕಿನ ಗೋಡೆಯಲ್ಲಿ ಒರತೆಯ ಬಾಯಿಗೆ ಕೈ ಇಟ್ಟರು. ನೀರು ಇವರ ಕೈಯನ್ನು ತಳ್ಳಿತು. ಆಮೇಲೆ ಕಲ್ಲಿಗೆ ಕಿವಿ ಹಚ್ಚಿ ನಿಂತರು. ನಾನೂ ಹಚ್ಚಿದೆ. ಒಳಗೆ ದೂರದಲ್ಲಿ ಯಾರೋ ಹಂಡೆ ಗಾತ್ರದ ಗಡಿಗೆಯಲ್ಲಿ ಬಿಡದೆ ಕಡೆಯುತ್ತಿರುವ ಸದ್ದು.

"ಏರಿಯ ಅಡಿಯಲ್ಲಿ ನೀರು ದಾರಿ ಕೊರೆದಿದೆ" ಎಂದರು. "ಜಿನುಗೋ ನೀರಾಗಿದ್ರೆ ಮಣ್ಣು ಸೋಸಿ ಬಿಡ್ತಿತ್ತು, ತಿಳಿನೀರು ಬರ್ತಿತ್ತು. ಇದು ಓಡ್ತಿದೆ. ಓಡೋ ರಭಸಕ್ಕೆ ಪುಡಿ ಮಣಿ ಕಟ್ತಿದೆ. ದಾರಿ ಅಗಲ ಆದ ಹಾಗೆ ಮಣಿ ದಪ್ಪ ಆಗ್ತಿದೆ. ಥೂ, ನಗಾಡಿಬಿಟ್ಟೆನಲ್ಲೇ ನಾನು!"

"ಈಗೇನು ಮಾಡೋದು?"

"ನಾನು ಸಾಹೇಬರ ಹತ್ತಿರ ಹೋಗ್ತೀನಿ. ಅವರು ಒಪ್ಪಲಿ ಬಿಡಲಿ, ತೂಬು ಎತ್ತಿ ಕೆರೆ ಇಳಿಸ್ತೀನಿ. ಆದ್ರೆ ಅದಕ್ಕೆ ಹೊತ್ತು ಹಿಡೀತದೆ. ಅಷ್ಟರಲ್ಲಿ ನೀನು ಕೇರಿ ಖಾಲಿ ಮಾಡಿಸು."

"ಹೇಗೆ? ನನ್ನ ಮಾತು ಯಾರು ಕೇಳ್ತಾರೆ?"

"ಹೇಗಾದ್ರೂ" ಎಂದು ಇವರು ಗುಡ್ಡದ ದಾರಿ ಹಿಡಿದು ಓಡಿದರು.

ಮೇಲೆ ನಡೆದದ್ದು ನನಗೆ ಆಮೇಲೆ ತಿಳಿದದ್ದು. ಗಿರಣಿಯ ಮುಖ್ಯಸ್ಥ ಶೇಷಗಿರಿಯಪ್ಪನವರು ಕೆಟ್ಟವರೇನಲ್ಲ. ಇವರ ಮಾತು ಕೇಳಿ ತಾವೇ ಏರಿಯ ಮೇಲೆ ನಡೆದು ನೋಡಿದರಂತೆ. ಏರಿಯ ಮೈ ಬಿಸಿಲಿಗೆ ಬಿರಿದು ಒಣಗಿತ್ತು, ಒಂದು ತೊಟ್ಟು ಒದ್ದೆಯಿರಲಿಲ್ಲ. "ಮೇಸ್ತ್ರಿ, ಸೋರೋ ಏರಿ ಹೀಗಿರ್ತದೇನ್ರಿ? ತೂಬು ಎತ್ತಿದರೆ ಈ ಕೆಸರೆಲ್ಲ ಕೆಳಗಿನ ಗದ್ದೆಗಳಿಗೆ ನುಗ್ಗುತ್ತೆ. ನಿಂತ ಪೈರು ಹಾಳಾದರೆ ರೈತರಿಗೆ ಯಾರು ಉತ್ತರ ಹೇಳೋದು? ಬಾವೀಲಿ ನಾಲ್ಕು ಮಣಿ ಬಂತು ಅಂತ ಹೇಳ್ಲಾ?" ಎಂದರಂತೆ. ನೀರು ಮೈಯಿಂದಲ್ಲ, ಕಾಲಡಿಯಿಂದ ಹೋಗುತ್ತಿತ್ತು. ಅದನ್ನು ಕಣ್ಣಿಗೆ ತೋರಿಸುವುದು ಹೇಗೆ? ಇವರು ಹಾರೆ ತೆಗೆದುಕೊಂಡು ಒಬ್ಬರೇ ತೂಬಿಗೆ ಹೋದರು.

ಇತ್ತ ಬಾವಿಯ ಸುತ್ತ ಕೇರಿಯ ಹೆಂಗಸರೆಲ್ಲ ಸೇರಿದ್ದರು. ಮಡಿಲಕ್ಕಿ, ಬಳೆ, ಹೂವು. ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಕಟ್ಟೆಯ ಸುತ್ತ ಓಡಾಡುತ್ತಿದ್ದವು. ಗಂಡಸರು ಗಣಿಗೆ ಹೋಗಿದ್ದರು. ಬೇರೆ ದಿನವಾಗಿದ್ದರೆ ಹೆಂಗಸರಲ್ಲೂ ಅರ್ಧದಷ್ಟು ಜನ ಗಿರಣಿಯಲ್ಲಿರುತ್ತಿದ್ದರು. ಪೂಜೆಯೆಂದು ಅವರಾರೂ ಕೆಲಸಕ್ಕೆ ಹೋಗಿರಲಿಲ್ಲ. ಏರಿಯ ನೆರಳು ಇನ್ನೂ ನಮ್ಮೆಲ್ಲರ ಮೇಲಿತ್ತು.

"ರುದ್ರಕ್ಕ, ಪೂಜೆ ಬಿಟ್ಟು ಎಲ್ಲರೂ ಗುಡ್ಡಕ್ಕೆ ನಡೀರಿ. ಏರಿ ಒಡೀತದೆ" ಎಂದು ಕೂಗಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಡೆಮನೆ, ಪುಡಿ, ಎಣ್ಣೆ, ನೆಲದೊಳಗಿನ ಸದ್ದು, ಎಲ್ಲವನ್ನೂ. ಅವರು ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಕಡೆಗೆ ರುದ್ರಕ್ಕನ ತಟ್ಟೆಯಿಂದ ಒಂದು ಮಣಿ ತೆಗೆದು ಎಲ್ಲರ ಕಣ್ಣೆದುರು ಒತ್ತಿ, ಕಪ್ಪಾದ ಬೆರಳನ್ನು ಎತ್ತಿ ತೋರಿಸಿದೆ. ಹಾಲಿಗೆ ಹುಳಿ ಹಿಂಡಿದಂತಾಯಿತು.

"ಅಮ್ಮನ ಮಣಿ ಜಜ್ಜಿದೆಯಲ್ಲೇ ಪಾಪಿ!" ಎಂದು ರುದ್ರಕ್ಕ ತಟ್ಟೆಯನ್ನು ಎದೆಗೆ ಅವಚಿಕೊಂಡಳು. "ಏರಿ ಒಡೆಯೋದಾದ್ರೆ ಅಮ್ಮ ಕಾಯ್ತಾಳೆ. ಕಾಯ್ತೀನಿ ಅಂತಾನೇ ತಾನೇ ಮಣಿ ಕೊಟ್ಟಿರೋದು? ನಾವು ಹೋಗಲ್ಲ. ನೀನು ಬೇಕಾದ್ರೆ ಹೋಗು."

ಯಾರೂ ಅಲುಗಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಅಷ್ಟರಲ್ಲಿ ಬಾವಿಯ ನೀರಿನ ಬಣ್ಣ ತಿರುಗತೊಡಗಿದ್ದು ಕಾಣಿಸಿತು. ಒರತೆಯ ಬಾಯಿಂದ ಅಕ್ಕಿ ತೊಳೆದ ನೀರಿನಂಥ ಬಿಳುಪು ಸುತ್ತಿಕೊಂಡು ಬರುತ್ತಿತ್ತು, ಅದರೊಳಗೆ ಕಡಲೆಯಷ್ಟು ದಪ್ಪ ಮಣಿಗಳು ಉರುಳುತ್ತಿದ್ದವು. ಹೆಂಗಸರು ಅದನ್ನು ನೋಡಿ ಜಯಕಾರ ಹಾಕಿದರು. ಎರಡು ಮಕ್ಕಳು ಆಯ್ದುಕೊಳ್ಳಲು ನೀರಿಗಿಳಿದವು.

ಕೇರಿ ಖಾಲಿಯಾಗುವುದು ಒಂದೇ ಒಂದು ಸಂಗತಿಗೆ. ನನಗೆ ಅದು ಗೊತ್ತಿತ್ತು. ಕೈ ಕತ್ತಿಗೆ ಹೋಯಿತು, ಹೋದದ್ದು ಅಲ್ಲೇ ನಿಂತಿತು. ಇವರು ಆ ಹೊತ್ತಿನಲ್ಲಿ ಏರಿಯ ಮೇಲೆ ಒಬ್ಬರೇ ಹಾರೆ ಹಿಡಿದು ನಿಂತಿದ್ದಾರೆ. ಇಂಥ ಕತೆಗಳನ್ನು ನಾನು ನಂಬುವವಳಲ್ಲ ಎಂದು ಅದುವರೆಗೆ ಅಂದುಕೊಂಡಿದ್ದೆನಲ್ಲ, ಅದು ಸುಳ್ಳು. ನಾನು ನಂಬಿದ್ದೆ. ಪೂರ್ತಿ ನಂಬಿದ್ದೆ. ಈ ಮಣಿ ಸುರಿದರೆ ಇವರನ್ನು ನಾನೇ ಕೈಯಾರೆ ಕೊಟ್ಟ ಹಾಗೆ ಎಂದು ನನ್ನ ಮೈಯೆಲ್ಲ ನಂಬಿತ್ತು. ನೀರಿನಲ್ಲಿ ಆ ಎರಡು ಮಕ್ಕಳು ನಗುತ್ತಿದ್ದವು.

ಸರವನ್ನು ಹಿಡಿದು ಎಳೆದೆ. ದಾರ ಕತ್ತಿನ ಹಿಂದೆ ಕೊಯ್ದುಕೊಂಡು ಹರಿಯಿತು. ಮಣಿಗಳನ್ನೆಲ್ಲ ಬಾವಿಗೆ ಸುರಿದೆ.

ಜಯಕಾರ ಅರ್ಧಕ್ಕೆ ನಿಂತಿತು. ರುದ್ರಕ್ಕನ ಬಾಯಿ ತೆರೆದದ್ದು ಹಾಗೇ ಇತ್ತು. "ಮೇಸ್ತ್ರಿ..." ಎಂದು ಯಾರೋ ಅಂದರು. ಆದರೂ ಯಾರೂ ಕದಲಲಿಲ್ಲ, ಅನುಮಾನವೋ ಗಾಬರಿಯೋ. ಈಗ ತಾನೇ ಏರಿ, ಎಣ್ಣೆ ಎಂದು ಹರಟುತ್ತಿದ್ದವಳು ಇದ್ದಕ್ಕಿದ್ದಂತೆ ವಿಧವೆಯಾಗುವುದು ಹೇಗೆ?

ಮೇಲಿನ ಮೆಟ್ಟಿಲಲ್ಲಿ ಮಾಳಜ್ಜಿ ನಿಂತಿದ್ದಳು. ಅವಳು ನನ್ನನ್ನೇ ನೋಡಿದಳು. ನಾನು ಸುಳ್ಳು ಹೇಳುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯಿತು, ಯಾಕೆ ಎಂಬುದೂ ತಿಳಿಯಿತು. ಅದು ಆ ಮುಖದಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು. ಅವಳು ಎರಡೂ ಕೈಯಿಂದ ಎದೆ ಬಡಿದುಕೊಂಡು, ಗುಡ್ಡಗಳಿಗೆ ಮುಟ್ಟುವಂತೆ ಒಂದು ಕೂಗು ಹಾಕಿದಳು.

"ಅಯ್ಯಯ್ಯೋ, ಹೋದನಲ್ಲೋ ಮಗನೇ! ದುಃಖಕ್ಕೆ ಇವಳ ತಲೆ ಕೆಟ್ಟು ಏನೇನೋ ಮಾತಾಡ್ತಿದ್ರೆ ನಿಂತು ನೋಡ್ತೀರಲ್ರೇ! ಮಣಿ ಬಿತ್ತು, ಕಾಣಲ್ವಾ? ಅಮ್ಮ ಮೇಲಕ್ಕೆ ಬರ್ತಾಳೆ. ಎತ್ಕೊಳ್ರೇ ಮಕ್ಕಳನ್ನ! ನಡೀರೇ!"

ಆಮೇಲೆ ಯಾರೂ ಏನೂ ಕೇಳಲಿಲ್ಲ. ರುದ್ರಕ್ಕನೇ ಮೊದಲು ನೀರಿಗಿಳಿದು ಆ ಎರಡು ಮಕ್ಕಳನ್ನು ಕಂಕುಳಿಗೇರಿಸಿಕೊಂಡಳು. ಹಾಸಿಗೆ ಹಿಡಿದವರನ್ನು ಕಂಬಳಿಯಲ್ಲಿ ಹೊತ್ತರು. ಒಲೆಗಳಿಗೆ ನೀರು ಹೊಯ್ದ ಚುಂಯ್ ಸದ್ದು ಮನೆಮನೆಯಿಂದ ಕೇಳಿತು. ಬಾಗಿಲು ಹಾಕುವವರಿಲ್ಲ, ಕೊಡ ಎತ್ತುವವರಿಲ್ಲ, ಹಿಂದಕ್ಕೆ ನೋಡುವವರಿಲ್ಲ. ಇಡೀ ಕೇರಿ ಅಳುತ್ತ ಗುಡ್ಡದ ದಾರಿ ಹಿಡಿಯಿತು.

ಮಾಳಜ್ಜಿ ಮಾತ್ರ ಮೆಟ್ಟಿಲ ಮೇಲೆ ಕೂತಳು. ನಾನು ಅವಳ ರಟ್ಟೆ ಹಿಡಿದು ಎಳೆದೆ.

"ಅಜ್ಜಿ, ನಿಮ್ಮ ದಮ್ಮಯ್ಯ, ಏಳಿ. ಇದು ಸುಳ್ಳು ಅಂತ ನಿಮಗೆ ಗೊತ್ತಲ್ಲ."

"ಅವರಿಗೆ ಗೊತ್ತಿಲ್ವಲ್ಲ" ಎಂದಳು ಮೆಲ್ಲಗೆ. "ಕಾಯೋಳೇ ಎದ್ದು ಬಂದ್ರೆ ಎಲ್ಲಾರೂ ನಿಂತುಬಿಡ್ತಾರೆ. ಕೇಳ್ತಾರೆ. ಕೇಳೋಕೆ ಶುರು ಮಾಡಿದ್ರೆ ವಾಪಸ್ ಬರ್ತಾರೆ. ನೀನು ನಡಿ ಮಗಳೇ. ಹಿಂದಕ್ಕೆ ನೋಡಬೇಡ."

"ಅಜ್ಜೀ..."

"ನಡಿ ಅಂದೆ! ತಲೆಹರಟೆ ಮಾಡಬೇಡ."

ನಾನು ನಡೆದೆ. ಹಿಂದಕ್ಕೆ ನೋಡಲಿಲ್ಲ. ಇಷ್ಟು ವರ್ಷವಾದ ಮೇಲೂ, ಒಂದು ಸಲ ನೋಡಬೇಕಿತ್ತು ಎಂದು ಅನಿಸುತ್ತದೆ.

ಮೊದಲಿಗರು ಗಣಿಬಾಯಿ ತಲುಪುವಷ್ಟರಲ್ಲಿ ಕೆಳಗೆ ಸದ್ದಾಯಿತು. ಒಡೆದ ಸದ್ದಲ್ಲ. ಯಾರೋ ಉಸಿರು ಬಿಟ್ಟ ಹಾಗೆ ಒಂದು ದೊಡ್ಡ ನಿಟ್ಟುಸಿರು. ಏರಿಯ ನಡುಭಾಗ ಕುಸಿದು ಕೂತಿತು, ಅದರ ಮೇಲಿಂದ ಬಿಳಿ ಕೆಸರು ಅವಸರವಿಲ್ಲದೆ ಕಣಿವೆಗೆ ಇಳಿಯಿತು. ಸದ್ದಿಗೆ ತಿರುಗಿದ ನಾವು ನೋಡುತ್ತಿದ್ದ ಹಾಗೆ ಮನೆಗಳ ಬಾಗಿಲು ಮುಚ್ಚಿತು, ಕಿಟಕಿ ಮುಚ್ಚಿತು, ಸೂರು ಮುಚ್ಚಿತು. ಬಾವಿ ಎಲ್ಲಿತ್ತು ಎಂದು ಬೆರಳು ಮಾಡಿ ತೋರಿಸುವಂತೆಯೂ ಇರಲಿಲ್ಲ. ಒಬ್ಬಳ ಹೊರತು ಕೇರಿಯ ಜೀವಗಳೆಲ್ಲ ಗುಡ್ಡದ ಮೇಲಿದ್ದವು.

ಅಷ್ಟರಲ್ಲಿ ಏರಿಯ ತುದಿಯ ಕಡೆಯಿಂದ ಒಬ್ಬ ಮನುಷ್ಯ ನಡೆದು ಬಂದ. ತಲೆಯಿಂದ ಕಾಲಿನವರೆಗೆ ಬಿಳಿ ಕೆಸರು, ಕಣ್ಣೆರಡು ಮಾತ್ರ ಕಾಣುತ್ತಿದ್ದವು, ಕೈಯಲ್ಲಿ ಹಾರೆ. ಮಕ್ಕಳು ಕಿರುಚಿ ತಾಯಂದಿರ ಸೆರಗು ಹೊಕ್ಕವು. ನಾನು ಓಡಿಹೋಗಿ ಆ ಕೆಸರುಮೈಯನ್ನು ತಬ್ಬಿಕೊಂಡು ಗೋಳೋ ಎಂದು ಅತ್ತೆ. ತೂಬು ಅರ್ಧ ಎದ್ದಿತ್ತಂತೆ, ಆಗ ಕಾಲಡಿಯ ನೆಲ ಜಾರಿತಂತೆ, ತೂಬಿನ ಕಲ್ಲುಕಂಬ ಹಿಡಿದು ಉಳಿದುಕೊಂಡರಂತೆ. ಇವರು ಹೇಳುತ್ತಲೇ ಇದ್ದರು. ಕೇಳುತ್ತಿದ್ದವಳು ನಾನೊಬ್ಬಳೇ. ಉಳಿದವರೆಲ್ಲ ಹಿಂದೆ ಸರಿದು ನಿಂತಿದ್ದರು.

ಅವರು ಕೃತಘ್ನರಾಗಿರಲಿಲ್ಲ. ಗಿರಣಿಯ ಹಜಾರದಲ್ಲಿ ನಾವೆಲ್ಲ ತಂಗಿದ್ದ ದಿನಗಳಲ್ಲಿ ರುದ್ರಕ್ಕ ನನ್ನ ಕಾಲು ಹಿಡಿದು ಅತ್ತಳು. ನನಗೆ ಮೊದಲು ಊಟ ಬಡಿಸುತ್ತಿದ್ದರು. ಆದರೆ ಬಡಿಸುತ್ತಿದ್ದದ್ದು ಒಂದೇ ಎಲೆ, ಇವರಿಗೆಂದು ಎಲೆ ಹಾಕುತ್ತಿರಲಿಲ್ಲ. ಕುಂಕುಮದ ಭರಣಿ ನನ್ನನ್ನು ದಾಟಿ ಮುಂದಕ್ಕೆ ಹೋಗುತ್ತಿತ್ತು. ಇವರು ಎದುರಿಗೆ ಬಂದರೆ ಹೆಂಗಸರು ಗೋಡೆಗೆ ತಿರುಗಿ ನಿಲ್ಲುತ್ತಿದ್ದರು, ಗಂಡಸರು ಮಾತು ನಿಲ್ಲಿಸುತ್ತಿದ್ದರು.

"ಇವರು ಬದುಕಿದ್ದಾರಲ್ಲ ರುದ್ರಕ್ಕ, ಕಣ್ಣಿಗೆ ಕಾಣ್ತಿಲ್ವಾ?" ಎಂದು ಕೇಳಿದೆ.

"ಕಾಣ್ತಾರೆ ತಾಯಿ" ಎಂದಳು ತಲೆ ತಗ್ಗಿಸಿ. "ಆದ್ರೆ ಮಣಿ ಕೊಟ್ಟಾಯ್ತು. ವಾಪಸ್ ಕೇಳೋಣ ಅಂದ್ರೆ ಬಾವೀನೂ ಇಲ್ಲ."

ನಾವು ಆ ಊರು ಬಿಟ್ಟೆವು. ದಾರಿಯಲ್ಲಿ ಒಂದು ಅಂಗಡಿಯ ಮುಂದೆ ಇವರು ನಿಂತು, "ಬಾ, ಹೊಸ ಕರಿಮಣಿ ಕಟ್ಟಿಸ್ತೀನಿ. ನಾಲ್ಕು ಜನ ನೋಡಿದ್ರೆ ಏನಂದುಕೊಳ್ತಾರೆ?" ಎಂದರು. ನಾನು ಬೇಡವೆಂದೆ. ಇವರಿಗೆ ಬೇಸರವಾಯಿತು, ಕೋಪವೂ ಬಂತು, ಎಷ್ಟೋ ವರ್ಷ ಕೇಳುತ್ತಲೇ ಇದ್ದರು. ಬೋಳು ಕತ್ತಿನಲ್ಲಿ ನಾನು ಮದುವೆ ಮುಂಜಿಗಳಿಗೆ ಹೋಗಿ ಪಟ್ಟ ಪಾಡು ನನಗೆ ಗೊತ್ತು. ಆದರೂ ಕಟ್ಟಿಸಿಕೊಳ್ಳಲಿಲ್ಲ. ಒಪ್ಪಿಸಿದ್ದು ಅಲ್ಲೇ ಇರಲಿ. ಆ ಬಿಳಿ ಕೆಸರಿನಡಿಯಲ್ಲಿ, ಮೆಟ್ಟಿಲ ಮೇಲೆ, ಕಾಯುವವಳು ಕೂತಿದ್ದಾಳೆ. ಹೆಣ ಕೆಳಕ್ಕೆ ಬರುವ ತನಕ ಅವಳು ಏಳುವಂತಿಲ್ಲ. ನಾವು ಇನ್ನೂ ಅವಳಿಗೆ ಹೆಣ ಕಳಿಸಿಲ್ಲ.

ಈಗ ಇವರಿಗೆ ಸರಿಯಾಗಿ ಕಿವಿ ಕೇಳಿಸುವುದಿಲ್ಲ, ಎದ್ದರೆ ಗೋಡೆ ಹಿಡಿಯಬೇಕು. ಇವತ್ತು ಬೆಳಿಗ್ಗೆ ನೀರು ತಂದು ಇಳಿಸಿದೆ. ಅಲುಗುವುದು ನಿಲ್ಲಲೆಂದು ಕಾದೆ. ತಳದಲ್ಲಿ ಕಪ್ಪಗೆ, ದುಂಡಗೆ ಒಂದು ಕಾಳು ಬಿದ್ದಿತ್ತು. ಭುಜದವರೆಗೆ ಕೈ ಇಳಿಸಿ ಅದನ್ನು ಎತ್ತಿ, ಬೆಳಕಿಗೆ ತಂದು, ಎರಡು ಬೆರಳ ನಡುವೆ ಒತ್ತಿದೆ. ಅದು ಚಿಟ್ಟೆಂದು ಎರಡು ಹೋಳಾಯಿತು. ಒಳಗೆ ಹಳದಿ. ಒಗ್ಗರಣೆ ಡಬ್ಬಿಯಿಂದ ಸಿಡಿದು ಬಿದ್ದ ಸಾಸಿವೆ. ನಾನು ಬೆರಳನ್ನು ಸೆರಗಿಗೆ ಒರೆಸಿಕೊಂಡೆ, ಕಪ್ಪಾಗಿರಲಿಲ್ಲ. ಒಳಮನೆಯಲ್ಲಿ ಇವರು ಕೆಮ್ಮಿ, ನೀರು ಕೇಳಿದರು.